ಜಬಲ್ ಅಖ್ದರ್‌ನಲ್ಲಿ ಅಕ್ಕನ ಲೋಟ

ಗಿಡಗಳನ್ನು ದಿಬ್ಬದ ಮೇಲೆ ನೆಡೋಣ ಎಂದು ಮೊದಲು ಹೇಳಿದವರು ಯಾರು ಎಂಬುದರ ಬಗ್ಗೆ ನಮ್ಮ ಕುಟುಂಬದಲ್ಲಿ ಮೂರು ಅಭಿಪ್ರಾಯಗಳಿವೆ. ಭಾವ ನನ್ನ ಕಡೆ ಬೆರಳು ತೋರಿಸುತ್ತಾರೆ. ಭಾವ ಎಂದು ನಾನು ಹೇಳುತ್ತೇನೆ. ನಾವಿಬ್ಬರೂ ಒಟ್ಟಿಗೇ ಹೇಳಿದೆವು, ಬೇಡ ಎಂದವಳು ತಾನೊಬ್ಬಳೇ, ಯಾರೂ ಕೇಳಲಿಲ್ಲ ಎಂದು ಅಕ್ಕ ಹೇಳುತ್ತಾಳೆ. ಅಕ್ಕ ಬೇಡ ಎಂದದ್ದು ನನಗೆ ನೆನಪಿಲ್ಲ. ನನ್ನ ನೆನಪಿನ ಯೋಗ್ಯತೆ ಎಷ್ಟು ಎಂಬುದು ಈ ಬರಹ ಮುಗಿಯುವ ಹೊತ್ತಿಗೆ ಓದುಗರಿಗೆ ಗೊತ್ತಾಗುತ್ತದೆ, ಆದ್ದರಿಂದ ಈಗಲೇ ವಾದಕ್ಕೆ ಇಳಿಯುವುದಿಲ್ಲ.

ನಾನು ಒಮಾನಿಗೆ ಹೋದದ್ದಂತೂ ನಿಜ. ಅಲ್ಲಿ ಬೆಟ್ಟ ಹತ್ತಿದ್ದು, ಕಲ್ಲು ಅಗೆದದ್ದು, ಆಲಿಕಲ್ಲಿನ ಪೆಟ್ಟು ತಿಂದದ್ದು ಕೂಡ ಬಹುಶಃ ನಿಜ. ಇನ್ನು ಯಾರು ಯಾವಾಗ ಏನು ಹೇಳಿದರು ಎಂಬಲ್ಲಿ ನಾನು ಭರವಸೆ ಕೊಡಲಾರೆ. ಸಾಲದ್ದಕ್ಕೆ ನಮ್ಮ ಮನೆಮಾತು ತುಳು. ನಡೆದ ಮಾತಿನಲ್ಲಿ ಅರ್ಧದಷ್ಟು ತುಳುವಿನಲ್ಲಿ ನಡೆದದ್ದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ದಾರಿಯಲ್ಲಿ ಒಂದಿಷ್ಟು ಸತ್ಯ ಸೋರಿಹೋಗಿದ್ದರೂ ಇರಬಹುದು.

ದಾರ್ಸೈಟ್

ವಾರಿಜಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ಕಾರ್ಕಳದಿಂದ ಮಸ್ಕತ್ತಿಗೆ ಹೋದವಳು, ಅಂದಿನಿಂದ ಅಲ್ಲಿನ ದಾರ್ಸೈಟ್ ಬಡಾವಣೆಯ ಒಂದೇ ಫ್ಲ್ಯಾಟಿನಲ್ಲಿ ಇದ್ದಳು. ಆ ಫ್ಲ್ಯಾಟಿನ ಬಾಗಿಲು ತೆರೆದರೆ ಕಾರ್ಕಳ. ಕುಚ್ಚಲಕ್ಕಿ ಬೇಯುವ ವಾಸನೆ, ದೇವರ ಕೋಣೆಯ ಊದುಬತ್ತಿ, ಗೋಡೆಯಲ್ಲಿ ಉಡುಪಿಯ ಜವಳಿ ಅಂಗಡಿಯ ಕ್ಯಾಲೆಂಡರು. ಕಿಟಕಿ ತೆರೆದಾಗ ಮಾತ್ರ ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ ಎದುರಿಗೆ ನಿಂತಿರುತ್ತಿತ್ತು, ದಾರಿ ತಪ್ಪಿ ಬಂದ ನೆಂಟನ ಹಾಗೆ.

ಸದಾಶಿವ ಭಾವ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ತಲೆಗೂದಲು ಕಳೆದುಕೊಂಡವರು. ಅವರ ನಿವೃತ್ತಿ ಹತ್ತಿರ ಬಂದಿತ್ತು. ಅದನ್ನು ಅಲ್ಲಿ ಯಾರೂ ನಿವೃತ್ತಿ ಎನ್ನುವುದಿಲ್ಲ, ಫೈನಲ್ ಎಕ್ಸಿಟ್ ಎನ್ನುತ್ತಾರೆ. ಕೆಲಸ ಮುಗಿಯಿತು, ವೀಸಾ ಮುಗಿಯಿತು, ಇನ್ನು ಊರಿಗೆ ಹೊರಡಿ ಎಂದು ಅದರ ಅರ್ಥ.

ಒಂದು ದಿನ ಭಾವ ಬೆಂಗಳೂರಿಗೆ ನನಗೆ ಫೋನ್ ಮಾಡಿದರು. “ನೀನು ಮಣ್ಣಿನ ಡಾಕ್ಟರ್ ಅಲ್ವಾ ಮಾರಾಯ? ನೀನು ಬಂದು ಒಂದು ಗಿಡ ನೆಟ್ಟುಕೊಡಬೇಕು.”

“ಗಿಡ ನೆಡಲಿಕ್ಕೆ ಡಾಕ್ಟರ್ ಬೇಕಾ ಭಾವ?”

“ನಾನು ನೆಟ್ಟರೆ ಡಾಕ್ಟರ್ ಬೇಕೇ ಬೇಕು,” ಎಂದರು.

ಈ ಮಾತಿನಲ್ಲಿ ವಿನಯವೇನೂ ಇರಲಿಲ್ಲ. ದಾರ್ಸೈಟಿನ ಬಾಲ್ಕನಿಯಲ್ಲಿ ಭಾವ ಬೆಳೆಸಲು ಹೊರಟ ಒಂದೂ ಗಿಡ ಉಳಿದ ಚರಿತ್ರೆಯಿಲ್ಲ. ಬೇವಿನಸೊಪ್ಪು, ತುಳಸಿ, ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮಲ್ಲಿಗೆ ಎಲ್ಲವೂ ಒಂದೊಂದಾಗಿ ತೀರಿಕೊಂಡವು. ಖಾಲಿ ಕುಂಡಗಳು ಮಾತ್ರ ಸಾಲಾಗಿ ನಿಂತಿದ್ದವು. ಅಕ್ಕ ಅವುಗಳಲ್ಲಿ ಬಟ್ಟೆಯ ಕ್ಲಿಪ್ಪು, ಹಳೆಯ ಬ್ಯಾಟರಿ, ಈರುಳ್ಳಿ ಇಡುತ್ತಿದ್ದಳು.

“ಇವರು ಮುಟ್ಟಿದರೆ ಪ್ಲಾಸ್ಟಿಕ್ ಗಿಡ ಕೂಡ ಬಾಡ್ತದೆ ಪದ್ದು,” ಎಂದು ನಾನು ತಲುಪಿದ ದಿನ ಚಾ ಕೊಡುತ್ತ ಅಕ್ಕ ಹೇಳಿದಳು. ಭಾವ ನಕ್ಕರು. ಆಮೇಲೆ ಅವಳು ಒಳಗೆ ಹೋದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಬೇರೆ ದನಿಯಲ್ಲಿ ಮಾತಾಡಿದರು.

“ಇಷ್ಟು ವರ್ಷ ಇಲ್ಲಿ ಇದ್ದೇನಲ್ಲ ಮಾರಾಯ. ಹೋಗುವಾಗ ಫ್ಲ್ಯಾಟಿನ ಕೀ ವಾಪಸ್, ಆಫೀಸಿನ ಕಾರ್ಡ್ ವಾಪಸ್, ಸಿಮ್ ಬಂದ್. ಖಲಾಸ್. ನನ್ನ ಕುರ್ಚಿಯಲ್ಲಿ ಮರುದಿನ ಬೇರೆಯವ ಕೂತಿರ್ತಾನೆ. ಒಂದು ಮರ ಇರಲಿ ಅಂತ. ನಮ್ಮದು ಅಂತ ಹೇಳ್ಲಿಕ್ಕೆ ಅಲ್ಲ. ನಾವು ಇದ್ದೆವು ಅಂತ ಹೇಳ್ಲಿಕ್ಕೆ.”

ಮರಕ್ಕೆ ಜಾಗವೂ ಸಿಕ್ಕಿತ್ತು. ಭಾವನ ಆಫೀಸಿನಲ್ಲಿ ಸಿಬ್ಬಂದಿ ವ್ಯವಹಾರ ನೋಡಿಕೊಳ್ಳುವ ನಾಸರ್ ಎಂಬ ಒಮಾನಿ ಗೆಳೆಯನ ತಾಯಿಯ ಮನೆ ಜಬಲ್ ಅಖ್ದರ್ ಮೇಲೆ. ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ದೇಶದ ಉತ್ತರಕ್ಕಿರುವ ಈ ಎತ್ತರದಲ್ಲಿ ಜುನಿಪರ್ ಮರಗಳ ಕಾಡಿದೆ. ಅವರು ಅದನ್ನು ಅಲಲಾನ್ ಎನ್ನುತ್ತಾರೆ. ತೊಗಟೆ ಸುಲಿದ, ಮೈ ತಿರುಚಿಕೊಂಡ, ನೀಲಿ ಕಾಯಿ ಬಿಡುವ ಮರಗಳು. ನಾಸರನ ಮನೆಯ ಹಿಂದಿನ ಇಳಿಜಾರಿನಲ್ಲಿ ಹಳೆಯ ಮರಗಳು ಕೆಲವು ಒಣಗಿ ನಿಂತಿದ್ದವು. ಅಲ್ಲಿ ಹೊಸ ಸಸಿ ನೆಡಲು ಅನುಮತಿ ಪಡೆದು, ಹತ್ತು ಹನ್ನೆರಡು ಸಸಿಗಳನ್ನೂ ಅವನೇ ತರಿಸಿಕೊಟ್ಟಿದ್ದ. ನಾನು ಹೋಗುವ ಹೊತ್ತಿಗೆ ಅವು ದಾರ್ಸೈಟಿನ ಬಾಲ್ಕನಿಯಲ್ಲಿದ್ದವು. ಭಾವ ಅವುಗಳ ಹತ್ತಿರ ಸುಳಿಯದ ಹಾಗೆ ಅಕ್ಕ ಬಾಗಿಲಿಗೆ ಇಸ್ತ್ರಿ ಮೇಜನ್ನು ಅಡ್ಡ ಇಟ್ಟಿದ್ದಳು.

ಈಗ ನನ್ನ ಪಾಂಡಿತ್ಯದ ವಿಷಯ. ನಾನು ಮಣ್ಣು ವಿಜ್ಞಾನ ಓದಿದವನು. ಓದುವ ಕಾಲದಲ್ಲಿ ಆರೇಳು ತಿಂಗಳು ಫಿನ್ಲೆಂಡಿನಲ್ಲಿದ್ದೆ. ಅಲ್ಲಿನ ಕಾಡಿನ ನೆಲ ತಣ್ಣಗೆ, ಒದ್ದೆ, ಕಾಲಿಟ್ಟರೆ ಚಪ್ಪಲಿ ಒಳಗೇ ಉಳಿಯುತ್ತದೆ. ಅಂಥ ಕಷ್ಟದ ನೆಲದಲ್ಲಿ ಸಸಿ ನೆಡುವ ಮುಂಚೆ ಯಂತ್ರದಿಂದ ಒಂದು ಬಾಚು ಮಣ್ಣೆತ್ತಿ ಪಕ್ಕದಲ್ಲೇ ಬೋರಲು ಹಾಕುತ್ತಾರೆ. ದೋಸೆ ಮಗುಚಿದ ಹಾಗೆ. ಆ ದಿಬ್ಬದ ಮೇಲೆ ಸಸಿ ನೆಡುತ್ತಾರೆ. ಬೇರಿಗೆ ಬಿಸಿ ಸಿಗುತ್ತದೆ, ನೀರು ಬಸಿದುಹೋಗುತ್ತದೆ, ಕಳೆ ಕಾಟ ಕೊಡುವುದಿಲ್ಲ. ದಿಬ್ಬದ ಪಕ್ಕ ಮಣ್ಣು ತೆಗೆದ ಹೊಂಡವೊಂದು ಉಳಿಯುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಿರಲಿಲ್ಲ.

ಇದನ್ನು ನಾನು ಆ ಸಂಜೆ ಭಾವನಿಗೆ ವಿವರಿಸಿದೆ. ವಿವರಿಸಿದೆ ಅಷ್ಟೆ. ಹೀಗೇ ಮಾಡೋಣ ಎಂದೆನೋ ಇಲ್ಲವೋ ನೆನಪಿಲ್ಲ.

ಅಲ್ ಅಜೈಬಾ

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಪಿಕ್ಕಾಸು, ಗುದ್ದಲಿ ಕೇಳಲು ಮಸ್ಕತ್ತಿನದೇ ಇನ್ನೊಂದು ಬಡಾವಣೆ ಅಜೈಬಾದಲ್ಲಿರುವ ಲ್ಯಾನ್ಸಿ ಎಂಬವರ ಮನೆಗೆ ಹೋದೆವು. ದಾರಿಯಲ್ಲಿ ಭಾವ ಒಂದು ಚಾದಂಗಡಿಯ ಎದುರು ಕಾರು ನಿಲ್ಲಿಸಿ ಹಾರ್ನ್ ಬಾರಿಸಿದರು. ಯಾರೋ ಅಡ್ಡ ಬಂದಿರಬೇಕು ಎಂದುಕೊಂಡೆ. ಅಂಗಡಿಯಿಂದ ಒಬ್ಬರು ಓಡಿ ಬಂದು ಕಿಟಕಿಯಲ್ಲಿ ಎರಡು ಚಾ ಕೊಟ್ಟುಹೋದರು. ನಮ್ಮೂರಿನಲ್ಲಿ ಹೋಟೆಲಿನ ಎದುರು ಹೀಗೆ ಹಾರ್ನ್ ಹೊಡೆದರೆ ಮಾಲೀಕ ಹೊರಗೆ ಬರುತ್ತಾನೆ, ಕೈಯಲ್ಲಿ ಚಾ ಮಾತ್ರ ಇರುವುದಿಲ್ಲ. ಇಳಿದು ಕುಡಿಯೋಣ ಎಂದೆ. ಭಾವನಿಗೆ ಅರ್ಥವೇ ಆಗಲಿಲ್ಲ. “ಇಳಿದು ಎಂತ ಮಾಡುದು? ಚಾ ಇಲ್ಲಿ ಉಂಟಲ್ಲ.”

ಲ್ಯಾನ್ಸಿ ಮಂಗಳೂರಿನ ಕೊಂಕಣಿಗರು, ಭಾವನ ಹಳೆಯ ಗೆಳೆಯರು, ತೋಟಗಾರಿಕೆಯಲ್ಲಿ ಭಾವನ ಕಡುವೈರಿ. ಅವರ ಬಸಳೆ ಚಪ್ಪರ ಹತ್ತಿ, ಚಪ್ಪರ ಸಾಲದೆ ನೀರಿನ ಟ್ಯಾಂಕಿನವರೆಗೆ ಹೋಗಿತ್ತು. ಅದನ್ನು ಎಲ್ಲರಿಗೂ ತೋರಿಸುವುದು ಅವರ ಅತಿಥಿ ಸತ್ಕಾರದ ಮೊದಲ ಭಾಗ.

“ಸದಾಶಿವಣ್ಣ ಗಿಡ ನೆಡ್ಲಿಕ್ಕಾ?” ಎಂದು ಅವರು ಪಿಕ್ಕಾಸನ್ನು ಕೊಡದೆ ಹಿಡಿದುಕೊಂಡೇ ಕೇಳಿದರು. “ಹೂಳ್ಲಿಕ್ಕೆ ಅಂತ ಹೇಳಿ ಮಾರಾಯ್ರೆ.”

“ಈ ಸಲ ಡಾಕ್ಟರ್ ಬಂದಿದ್ದಾರೆ,” ಎಂದರು ಭಾವ, ನನ್ನ ಬೆನ್ನಮೇಲೆ ಕೈಯಿಟ್ಟು, ಹೊಸ ಕಾರು ತೋರಿಸಿದ ಹಾಗೆ.

ಲ್ಯಾನ್ಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಒಂದೇ ವಿಷಯ ನೆನಪಿಟ್ಟುಕೊಳ್ಳಿ ಡಾಕ್ಟ್ರೇ. ಬುಡದಲ್ಲಿ ನೀರು ನಿಲ್ಲಬಾರ್ದು. ನೀರು ನಿಂತ್ರೆ ಬೇರು ಕೊಳೀತದೆ.”

ಮೂವರೂ ತಲೆಯಾಡಿಸಿದೆವು. ಕರಾವಳಿಯವರಿಗೆ ಇದು ತಾಯಿಯ ಹಾಲಿನ ಜೊತೆಗೇ ಬಂದ ಜ್ಞಾನ. ಮಳೆ ಜಡಿಯುವ ಆಟಿ ತಿಂಗಳಲ್ಲಿ ನಮ್ಮಲ್ಲಿ ಬಾವಿಯ ನೀರನ್ನು ಬಗ್ಗಿ ಕೈಯಲ್ಲಿ ಮೊಗೆಯಬಹುದು. ಮಲ್ಲಿಗೆಯ ಬುಡ ಏರಿಸುತ್ತೇವೆ, ಗೆಣಸಿಗೆ ಸಾಲು ಏರಿಸುತ್ತೇವೆ, ಮನೆ ಕಟ್ಟುವಾಗಲೂ ಪಂಚಾಂಗದ ಕಟ್ಟೆ ಏರಿಸುತ್ತೇವೆ. ನೀರನ್ನು ಹೇಗೆ ಓಡಿಸುವುದು ಎಂಬುದೇ ನಮ್ಮ ಕೃಷಿಶಾಸ್ತ್ರ. ನಾಲ್ಕು ಹನಿ ಬಿದ್ದರೆ ಶಾಲೆಗೆ ರಜೆ ಕೊಡುವ ದೇಶದಲ್ಲಿ ನಿಂತುಕೊಂಡು ಬೇರು ಕೊಳೆಯುವ ಬಗ್ಗೆ ಮೂವರು ಗಂಡಸರು ಇಷ್ಟು ಗಂಭೀರವಾಗಿ ಚಿಂತಿಸಿದ್ದು ಆಗ ನಮಗೆ ವಿಚಿತ್ರವೆನಿಸಲಿಲ್ಲ.

ಬೆಟ್ಟದ ಬುಡ

ಬಿರ್ಕತ್ ಅಲ್ ಮೌಜ್ ಎಂಬ ಊರು ದಾಟಿದರೆ ಬೆಟ್ಟದ ರಸ್ತೆ ಶುರು. ಅಲ್ಲೇ ಪೊಲೀಸ್ ತಪಾಸಣೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಇರುವ ಗಾಡಿಯಲ್ಲದೆ ಬೇರೆಯದನ್ನು ಮೇಲೆ ಬಿಡುವುದಿಲ್ಲ. ಭಾವನ ಕಾರು ಆಫೀಸಿಗೆ ಹೋಗಿ ಬರಲೆಂದೇ ಹುಟ್ಟಿದ್ದು.

“ನಿಮಗೆ ಗೊತ್ತಿರಲಿಲ್ವಾ?” ಎಂದು ಅಕ್ಕ ಹಿಂದಿನ ಸೀಟಿನಿಂದ ಕೇಳಿದಳು. ಅವಳ ಮಡಿಲಲ್ಲಿ ಬನ್ಸಿನ ಡಬ್ಬಿ, ಎರಡೂ ಪಕ್ಕದಲ್ಲಿ ಸಸಿಗಳು.

“ಹಿಂದೆ ಎರಡು ಸಲ ಬಂದಾಗ ಯಾರೂ ನಿಲ್ಲಿಸಲಿಲ್ಲ.”

“ಆಗ ನಾಸರನ ಗಾಡಿಯಲ್ಲಿ ಬಂದದ್ದು ನೀವು. ಹಿಂದಿನ ಸೀಟಲ್ಲಿ ಗೊರಕೆ ಹೊಡೀತಾ.”

ಪೊಲೀಸು ಬಹಳ ಮರ್ಯಾದಸ್ಥ ತರುಣ. ಕಿಟಕಿಯಿಂದ ಬಗ್ಗಿ ಸಸಿಗಳನ್ನು ನೋಡಿ “ಅಲಲಾನ್?” ಎಂದ. ಭಾವ ಹೌದೆಂದರು. ಅವನು ಬೆಟ್ಟದ ಕಡೆ ಕೈ ತೋರಿಸಿ ಏನೋ ಹೇಳಿದ. ಮೇಲೆ ಅದೇ ಇರುವುದು, ನೀವು ಮತ್ತೆ ಅದನ್ನೇ ಒಯ್ಯುತ್ತಿದ್ದೀರಲ್ಲ ಎಂದು ಅರ್ಥವಂತೆ. ಭಾವನ ಅರಬ್ಬಿ ಆಫೀಸಿನ ಅರಬ್ಬಿ. ಅದರಲ್ಲಿ ಬಿಲ್ಲು, ರಜೆ, ನಾಳೆ ಎಂಬ ಪದಗಳು ಧಾರಾಳವಾಗಿವೆ, ಮನಸ್ಸಿನ ಆಸೆಯನ್ನು ಹೇಳುವ ಪದಗಳು ಕಡಿಮೆ. ಅವರು ಎದೆ ಮುಟ್ಟಿಕೊಂಡು, ಸಸಿ ಮುಟ್ಟಿ, ಕೊನೆಗೆ ಆಕಾಶದಲ್ಲಿ ವಿಮಾನ ಹಾರಿಹೋಗುವುದನ್ನು ಕೈಯಲ್ಲೇ ತೋರಿಸಿದರು. ಪೊಲೀಸು ಗಂಭೀರನಾದ. ನಮಗೆ ನೆರಳು ತೋರಿಸಿ, ತಣ್ಣೀರಿನ ಬಾಟಲಿ ಕೊಟ್ಟ. ಕಾರನ್ನು ಮಾತ್ರ ಬಿಡಲಿಲ್ಲ.

ಭಾವ ಫೋನ್ ಮಾಡಿದ ಮೇಲೆ, ಮೊದಲೇ ತಾಯಿಯ ಮನೆಗೆ ಹೋಗಿದ್ದ ನಾಸರ್ ಪಿಕಪ್ ತೆಗೆದುಕೊಂಡು ಕೆಳಗೆ ಬಂದ. ಬಿಳಿ ನಿಲುವಂಗಿ, ಕಸೂತಿಯ ಟೋಪಿ, ಎಲ್ಲದಕ್ಕೂ “ತಮಾಮ್” ಎನ್ನುವ ನಗುಮುಖ. ತಮಾಮ್ ಎಂದರೆ ಎಲ್ಲ ಸರಿಯಿದೆ ಎಂದು. ಭಾವ ಮತ್ತು ಅವನು ಹಿಂದಿಯಲ್ಲಿ ಮಾತಾಡುತ್ತಾರೆ. ಇಬ್ಬರ ಹಿಂದಿಯೂ ಸಮನಾಗಿ ಹಾಳಾಗಿರುವುದರಿಂದ ಜಗಳ ಬಂದಿಲ್ಲ. ಸಸಿಗಳನ್ನೆಲ್ಲ ಪಿಕಪ್ಪಿಗೆ ದಾಟಿಸಿ ಭಾವ ಹಿಂದಿನ ಬಾಗಿಲನ್ನು ಉತ್ಸಾಹದಿಂದ ಮುಚ್ಚಿದರು. ಕಟ್ ಎಂದು ಸಣ್ಣ ಸದ್ದು ಕೇಳಿತು.

ಒಂದು ಸಸಿಯ ತಲೆ ಬಾಗಿಲ ಹೊರಗೆ ಇತ್ತು, ಬುಡ ಒಳಗೆ.

“ಹ್ಞಾ,” ಎಂದಳು ಅಕ್ಕ. “ಶುರುವಾಯ್ತು.”

ಸೈಕ್ ಪ್ರಸ್ಥಭೂಮಿ

ಮೇಲೆ ಹತ್ತಿದ ಹಾಗೆ ಸೆಕೆ ಕೆಳಗೆ ಉಳಿಯಿತು. ಅದು ಗುಲಾಬಿ ಕೊಯ್ಯುವ ಕಾಲ. ಬೆಟ್ಟದ ಅಂಚಿನ ಮೆಟ್ಟಿಲು ಗದ್ದೆಗಳಲ್ಲಿ ಗುಲಾಬಿ ಅರಳಿ, ಅದನ್ನು ಬಟ್ಟಿ ಇಳಿಸುವ ಮನೆಗಳಿಂದ ಹೊಗೆ ಏಳುತ್ತಿತ್ತು. ನಾಸರನ ತಾಯಿ ಅಂಗಳದಲ್ಲೇ ಕಾಯುತ್ತಿದ್ದರು. ಖರ್ಜೂರ ಕೊಟ್ಟರು, ಪುಟ್ಟ ಬಟ್ಟಲಿನಲ್ಲಿ ಕಾಫಿ ಕೊಟ್ಟರು. ಕಾಫಿಗೆ ಗುಲಾಬಿ ನೀರು ಹಾಕಿದ್ದರು. ಆ ನೀರಿಗೆ ಹೊಗೆಯ ವಾಸನೆಯಿತ್ತು.

“ಕಾಫಿ ಸೀದುಹೋಗಿದೆ ಪಾಪ,” ಎಂದು ಅಕ್ಕ ನಮ್ಮ ಭಾಷೆಯಲ್ಲಿ ಪಿಸುಗುಟ್ಟಿ, ಮುಖದಲ್ಲಿ ನಗು ಉಳಿಸಿಕೊಂಡೇ ಪೂರ್ತಿ ಕುಡಿದಳು. ಪ್ರತಿಯಾಗಿ ತನ್ನ ಫ್ಲಾಸ್ಕಿನಿಂದ ಚಾ ಬಗ್ಗಿಸಿ, ಸ್ಟೀಲ್ ಲೋಟದಲ್ಲಿ ಅವರಿಗೆ ಕೊಟ್ಟಳು. ಆ ತಾಯಿ ನಮ್ಮ ಚಾ ಬಗ್ಗೆ ಅವರ ಭಾಷೆಯಲ್ಲಿ ಏನಂದರೋ ಗೊತ್ತಿಲ್ಲ, ಅವರ ಮುಖದಲ್ಲೂ ನಗು ಇತ್ತು.

ಲೋಟದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ಅವರು ಬೆರಳಿನಿಂದ ಮುಟ್ಟಿ ನೋಡಿದರು. ಇದೇನು ಎಂದು ನಾಸರನ ಮೂಲಕ ಕೇಳಿಸಿದರು. ನಮ್ಮಲ್ಲಿ ಮದುವೆಗೆ ಪಾತ್ರೆ ಕೊಡುವಾಗ ಹೆಸರು ಕೊರೆಸಿ ಕೊಡುವುದು ಪದ್ಧತಿ. ಅಮ್ಮ ಅಕ್ಕನಿಗೆ ಕೊಟ್ಟ ಆರು ಲೋಟಗಳಲ್ಲೂ “ವಾರಿಜ” ಎಂದಿದೆ. ಇದು ನನ್ನ ಹೆಸರು ಎಂದು ಅಕ್ಕ ಎದೆ ಮುಟ್ಟಿ ತೋರಿಸಿದಳು. “ವಾರೀಜಾ,” ಎಂದು ಅವರು ಎರಡು ಸಲ ಹೇಳಿ ನೋಡಿಕೊಂಡರು. ತಮ್ಮ ಲೋಟದ ಮೇಲೆ ತಮ್ಮ ಹೆಸರು ಬರೆಸಿಕೊಳ್ಳುವ ಜನ ತಮ್ಮ ದೇಶದಲ್ಲಿ ಲೋಟ ಬಹಳ ಕಳೆದುಕೊಳ್ಳುತ್ತಾರೇನೋ ಎಂದು ಅವರಿಗೆ ಅನಿಸಿರಬಹುದು.

ಆಮೇಲೆ ನಾವು ಕೆಲಸಕ್ಕೆ ಇಳಿದೆವು.

ಮಣ್ಣು ಎಂಬುದು ಅಲ್ಲಿ ಮರ್ಯಾದೆಗೆ ಕರೆಯುವ ಹೆಸರು. ಸುಣ್ಣಕಲ್ಲಿನ ಬಂಡೆ, ಬಂಡೆಯ ಮೇಲೆ ಜಲ್ಲಿ, ಜಲ್ಲಿಯ ನಡುವೆ ಯಾರೋ ಕೈತಪ್ಪಿ ಚೆಲ್ಲಿದ ಹಾಗೆ ಸ್ವಲ್ಪ ಪುಡಿ. ನಮ್ಮೂರಿನ ಕೆಂಪು ಮುರಕಲ್ಲು ಕೂಡ ಗಟ್ಟಿಯೇ, ಆದರೆ ಪೆಟ್ಟು ಬಿದ್ದರೆ ಒಪ್ಪಿಕೊಳ್ಳುತ್ತದೆ. ಈ ಕಲ್ಲು ಪಿಕ್ಕಾಸನ್ನೇ ವಾಪಸು ಕಳಿಸಿತು. ಮೊದಲ ಪೆಟ್ಟಿಗೆ ಕಿಡಿ ಹಾರಿತು. ಎರಡನೆಯ ಪೆಟ್ಟಿಗೆ ನನ್ನ ಕನ್ನಡಕ ಹಾರಿತು. ನಾಸರ್ ನಿಲುವಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತಾನೂ ಪ್ರಯತ್ನಿಸಿದ. ಮಸ್ಕತ್ತಿನ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಇತರರ ರಜೆಗೆ ಸಹಿ ಹಾಕುವ ಅವನಿಗೂ ಇದು ಹೊಸದು. ಅಗೆದವರು ತನ್ನ ಅಜ್ಜ, ತಾನಲ್ಲ ಎಂದ.

ಗೇಣುದ್ದ ಆಳಕ್ಕೆ ಮೂವರ ಅಂಗೈಯೂ ಬೊಕ್ಕೆ ಎದ್ದ ಹೊತ್ತಿನಲ್ಲಿ ಫಿನ್ಲೆಂಡಿನ ಪ್ರಸ್ತಾಪ ಬಂತು. ಯಾರಿಂದ ಬಂತು ಎಂಬುದು ಮೊದಲೇ ಹೇಳಿದಂತೆ ವಿವಾದದಲ್ಲಿದೆ. ಬಂತು.

“ಹೊಂಡ ಎಂತಕ್ಕೆ? ದಿಬ್ಬ ಮಾಡುವ,” ಎಂದು ಒಂದು ದನಿ ಹೇಳಿತು.

“ನೀರು ನಿಲ್ಲಬಾರ್ದು ಅಂತ ಲ್ಯಾನ್ಸಿಯೂ ಹೇಳಿದ್ದಾನೆ,” ಎಂದಿತು ಇನ್ನೊಂದು.

“ಡಾಕ್ಟರ್ ಸಾಬ್, ಉತ್ತರದ ಕಾಡು ಅಂದಿರಿ. ಇದು ನಮ್ಮ ದೇಶದ ಉತ್ತರ. ಚಳಿಗಾಲದಲ್ಲಿ ಇಲ್ಲೂ ನೀರು ಹೆಪ್ಪುಗಟ್ಟುತ್ತದೆ. ತಮಾಮ್!” ಎಂದ ನಾಸರ್, ಪಿಕ್ಕಾಸನ್ನು ಕೆಳಗಿಟ್ಟು.

ಮೊದಲು ನಮಗೆ ಸುಸ್ತಾಯಿತು, ಆಮೇಲೆ ಸಿದ್ಧಾಂತ ಹೊಳೆಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಂಥದ್ದು ಬೇರೆ ಕಡೆಗಳಲ್ಲೂ ನಡೆದಿರಬಹುದೆಂದು ನನಗೆ ಆಮೇಲಿನಿಂದ ಅನುಮಾನ. ಆ ಕ್ಷಣದಲ್ಲಿ ಮಾತ್ರ ನಾನು ದಿಬ್ಬದ ಗುಣಗಳನ್ನು ಕುರಿತು ಉಪನ್ಯಾಸ ಕೊಟ್ಟೆನಂತೆ. ಎರಡು ಬಂಡೆಗಳ ನಡುವೆ ಮಳೆನೀರು ತಂದು ಕೂಡಿಟ್ಟ ಮಣ್ಣಿನ ಒಂದೇ ಒಂದು ಜೇಬು ಅಲ್ಲಿತ್ತು. ಇಡೀ ಇಳಿಜಾರಿನಲ್ಲಿ ಇದ್ದ ಒಳ್ಳೆಯ ಮಣ್ಣು ಅದೊಂದೇ. ಅದನ್ನು ಕೆರೆದು ಬುಟ್ಟಿಯಲ್ಲಿ ಹೊತ್ತು, ಬಂಡೆಗಳ ಮೇಲೆ ಸಾಲಾಗಿ ದಿಬ್ಬ ಮಾಡಿದೆವು. ಮಣ್ಣು ತೆಗೆದಲ್ಲಿ ಮೊಣಕಾಲುದ್ದದ ಹೊಂಡ ಉಳಿಯಿತು. ದಿಬ್ಬಗಳು ಬಹಳ ಚೆಂದ ಕಾಣುತ್ತಿದ್ದವು. ನಡುವೆ ಒಂದೊಂದು ಹಸಿರು ಸಸಿ. ಹುಟ್ಟುಹಬ್ಬದ ಕೇಕಿಗೆ ಮೊಂಬತ್ತಿ ಚುಚ್ಚಿದ ಹಾಗೆ.

ಅಕ್ಕ ನೆರಳಿನಲ್ಲಿ ಕೂತು ಬನ್ಸು ಹಂಚುತ್ತಿದ್ದಳು. “ಊರಲ್ಲಿ ಬೇಸಗೆಯಲ್ಲಿ ತೆಂಗಿನ ಬುಡಕ್ಕೆ ಕಟ್ಟೆ ಕಟ್ಟಿ ನೀರು ನಿಲ್ಲಿಸುದಿಲ್ವಾ? ಇಲ್ಲಿ ವರ್ಷವಿಡೀ ಬೇಸಗೆ,” ಎಂದು ಆಗಲೇ ಹೇಳಿದೆ ಎನ್ನುತ್ತಾಳೆ. ಇಷ್ಟು ಸರಿಯಾದ ಮಾತನ್ನು ಯಾರಾದರೂ ಹೇಳಿದ್ದರೆ ನನಗೆ ನೆನಪಿರುತ್ತಿತ್ತು. ನೆನಪಿಲ್ಲದಿರಲಿಕ್ಕೂ ಅದೇ ಕಾರಣವಿರಬಹುದು.

ತಲೆ ಮುರಿದ ಸಸಿಗೆ ದಿಬ್ಬ ಸಿಗಲಿಲ್ಲ. ಲೋಟದಷ್ಟು ಎತ್ತರವೂ ಉಳಿದಿರಲಿಲ್ಲ ಅದು. “ಬಿಸಾಡಿ ಅದನ್ನು,” ಎಂದಳು ಅಕ್ಕ. “ಇದು ಬದುಕುವ ಸಾಧ್ಯತೆ ಇಲ್ಲ,” ಎಂದೆ ನಾನು ಅಧಿಕೃತವಾಗಿ. ಭಾವ ಅದನ್ನು ಬಿಸಾಡಲಿಲ್ಲ. “ಪಾಪ, ನಾನೇ ಅಲ್ವಾ ಮುರಿದದ್ದು,” ಎಂದು ಆ ಹೊಂಡಕ್ಕೆ ಇಳಿದು, ತಳದಲ್ಲಿ ಅದನ್ನು ಊರಿ, ಕೆರೆದು ಉಳಿದಿದ್ದ ಮಣ್ಣನ್ನು ಬುಡಕ್ಕೆ ಒತ್ತಿ, ಬಿಸಿಲಿನ ಕಡೆಗೆ ಒಂದು ಚಪ್ಪಟೆ ಕಲ್ಲು ನಿಲ್ಲಿಸಿದರು. ಆಮೇಲೆ ಎಲ್ಲ ಸಸಿಗಳಿಗೂ ಅಕ್ಕನ ಲೋಟದಲ್ಲಿ ನೀರು ಹೊಯ್ದರು. ದಿಬ್ಬಗಳ ನೀರು ಬಂಡೆಯ ಮೇಲೆ ಜಾರಿ ಹೊಳೆಯುತ್ತ ಹೋಯಿತು.

“ನೋಡಿ, ಎಷ್ಟು ಚೆನ್ನಾಗಿ ಬಸಿಯುತ್ತದೆ,” ಎಂದೆ ನಾನು. ಈ ಮಾತು ನಾನೇ ಹೇಳಿದ್ದು. ದುರದೃಷ್ಟಕ್ಕೆ ಇದು ಚೆನ್ನಾಗಿ ನೆನಪಿದೆ.

ಆಲಿಕಲ್ಲು

ಮಧ್ಯಾಹ್ನದ ಮೇಲೆ ಒಂದು ಮೋಡ ಬಂತು. ಭಾವ ಅದನ್ನು ನೋಡಿ ಸಂತೋಷಪಟ್ಟರು. “ನೆಟ್ಟ ದಿನವೇ ಮಳೆ! ಶುಭಶಕುನ ಮಾರಾಯ.”

ಮೊದಲು ಬಿದ್ದದ್ದು ನೆಲ್ಲಿಕಾಯಿ ಗಾತ್ರದ್ದು. ನಾಸರನ ಪ್ರಕಾರ ಕಡಲೆ ಗಾತ್ರದ್ದು. ಆಮೇಲೆ ಆಕಾಶದಿಂದ ಯಾರೋ ಚೀಲ ಹರಿದು ಸುರಿದ ಹಾಗಾಯಿತು. ಪಿಕಪ್ಪಿನ ತಗಡು ಚೆಂಡೆಯಂತೆ ಬಾರಿಸಿತು. ಅಕ್ಕ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಕವುಚಿಕೊಂಡು ಮನೆಯ ಕಡೆ ಓಡಿದಳು. ಅರುವತ್ತರ ಹತ್ತಿರದ ಹೆಂಗಸು ಇಷ್ಟು ವೇಗವಾಗಿ ಓಡುವುದನ್ನು ನಾನು ಕಂಡಿರಲಿಲ್ಲ. ನಾಸರ್ ಟೋಪಿ ಹಿಡಿದುಕೊಂಡು ಓಡಿದ. ನಾನು ಫ್ಲಾಸ್ಕು, ಡಬ್ಬಿ, ಲೋಟ ಎಲ್ಲವನ್ನೂ ಬ್ಯಾಗಿಗೆ ತುಂಬಿ ಓಡಿದೆ. ಲೋಟದಲ್ಲಿ ಉಳಿದಿದ್ದ ನೀರನ್ನು ಚೆಲ್ಲಿ, ಎರಡು ಸಲ ಕೊಡವಿ ಬ್ಯಾಗಿಗೆ ಹಾಕಿದ್ದು, ಅದು ಡಬ್ಬಿಗೆ ತಾಗಿ ಟಣ್ ಎಂದದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

ಭಾವ ಮಾತ್ರ ಓಡಲಿಲ್ಲ. ದಿಬ್ಬದಿಂದ ದಿಬ್ಬಕ್ಕೆ ಹೋಗಿ ಕೈಯಿಂದ ಮಣ್ಣನ್ನು ತಡೆದು ಹಿಡಿಯಲು ನೋಡುತ್ತಿದ್ದರು. ಒಂದನ್ನು ಹಿಡಿದರೆ ಇನ್ನೊಂದು ಕರಗುತ್ತಿತ್ತು. ಬೋಳು ತಲೆಯ ಮೇಲೆ ಆಲಿಕಲ್ಲು ಪುಟಿಯುತ್ತಿತ್ತು.

“ಬನ್ನಿ ಭಾವ!” ಎಂದು ಕೂಗಿದೆ.

“ಡಾಕ್ಟ್ರೇ, ಫಿನ್ಲೆಂಡಲ್ಲಿ ಹೀಗಾದರೆ ಎಂತ ಮಾಡ್ತಾರೆ?” ಎಂದು ಅವರು ತಿರುಗಿ ಕೂಗಿದರು. ನಾಸರ್ ವಾಪಸು ಹೋಗಿ ಅವರ ರಟ್ಟೆ ಹಿಡಿದು ಎಳೆದು ತಂದ.

ಎಲ್ಲ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಇಳಿಜಾರು ಬೆಳ್ಳಗಿತ್ತು. ನಮ್ಮ ದಿಬ್ಬಗಳು ಸಕ್ಕರೆಯ ರಾಶಿಗೆ ನೀರು ಬಿದ್ದ ಹಾಗೆ ಕುಸಿದು, ಸಸಿಗಳು ಬೇರು ತೋರಿಸಿಕೊಂಡು ಮಲಗಿದ್ದವು. ಹೊಂಡ ಆಲಿಕಲ್ಲಿನಿಂದ ತುಂಬಿಹೋಗಿತ್ತು. ಅದರೊಳಗೆ ಇದ್ದದ್ದನ್ನು ಯಾರೂ ನೆನಪಿಸಿಕೊಳ್ಳಲಿಲ್ಲ. ಬೆಳಕು ಹೋಗುವ ಮುಂಚೆ ರಸ್ತೆ ಇಳಿಯಬೇಕಿತ್ತು. ಸಸಿಗಳನ್ನು ಅವಸರದಲ್ಲಿ ಎತ್ತಿ ನಿಲ್ಲಿಸಿ, ಬುಡಕ್ಕೆ ಕಲ್ಲು ಕೊಟ್ಟು ಹೊರಟೆವು.

“ಇನ್‌ಶಾಅಲ್ಲಾ, ತಮಾಮ್ ಆಗುತ್ತದೆ,” ಎಂದ ನಾಸರ್.

ಪಿಕಪ್ ಬೆಟ್ಟ ಇಳಿಯುವವರೆಗೂ ಭಾವ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು.

ಮತ್ತೆ ದಾರ್ಸೈಟ್

ಅಂದು ಪಾತ್ರೆ ತೊಳೆಯುವಾಗ ಅಕ್ಕ ಲೋಟಗಳನ್ನು ಎಣಿಸಿದಳು. ಐದು.

“ಪದ್ದು, ಲೋಟ ಎಲ್ಲಿ?”

“ಬ್ಯಾಗಲ್ಲಿ ಹಾಕಿದ್ದೇನೆ.”

“ಬ್ಯಾಗಲ್ಲಿ ಇಲ್ಲ.”

“ಟಣ್ ಅಂತ ಶಬ್ದ ಆಗಿದೆ ಅಕ್ಕ, ನಾನೇ ಕೇಳಿದ್ದೇನೆ.”

“ಶಬ್ದ ಮಾತ್ರ ಬಂದಿದೆಯಾ ಹಾಗಾದ್ರೆ? ಲೋಟ ಬರ್ಲಿಲ್ವಾ?”

ಬ್ಯಾಗು, ಕಾರು, ಕಾರಿನ ಸೀಟಿನ ಅಡಿ ಎಲ್ಲ ಹುಡುಕಿದೆವು. ನಾನು ಹೊರಡುವವರೆಗೂ ಆ ಮನೆಯಲ್ಲಿ ಚಾ ಕೊಡುವಾಗ ನನಗೊಬ್ಬನಿಗೆ ಪ್ಲಾಸ್ಟಿಕ್ ಕಪ್ಪು. “ಇದು ಕಳೆದರೂ ತೊಂದರೆ ಇಲ್ಲ,” ಎಂದು ಅಕ್ಕ ವಿವರಣೆಯನ್ನೂ ಕೊಡುತ್ತಿದ್ದಳು. ಅಮ್ಮ ಕೊಟ್ಟ ಲೋಟ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನಾನು ಬೆಂಗಳೂರಿಗೆ ಬಂದ ಕೆಲವು ವಾರಗಳ ಮೇಲೆ ನಾಸರ್ ಭಾವನಿಗೆ ಸುದ್ದಿ ಮುಟ್ಟಿಸಿದ. ದಿಬ್ಬದ ಸಸಿಗಳು ಒಣಗಿಹೋಗಿದ್ದವು, ಒಂದೂ ಉಳಿಯದೆ. ಆಲಿಕಲ್ಲು ಅವುಗಳನ್ನು ಕೊಂದಿರಲಿಲ್ಲ. ಅದಾದ ಮೇಲಿನ ಬಿಸಿಲು ಕೊಂದಿತ್ತು, ನೀರು ಬಸಿದದ್ದು ಕೊಂದಿತ್ತು, ಎಂದರೆ ಬಹುಮಟ್ಟಿ‌ಗೆ ನಾನು ಕೊಂದಿದ್ದೆ. ಭಾವ ಇದನ್ನು ನನಗೆ ಹೇಳಿದ ರೀತಿ ಮಾತ್ರ ಹೀಗಿತ್ತು: “ನನ್ನ ಕೈಗುಣ ಮಾರಾಯ. ಫಿನ್ಲೆಂಡ್ ಕೂಡ ಸೋತಿತು.” ನಗಲು ಪ್ರಯತ್ನಿಸಿದರು. ಅವರ ಫೈನಲ್ ಎಕ್ಸಿಟ್ ಆಗಿ, ಪೆಟ್ಟಿಗೆಗಳೊಂದಿಗೆ ಕಾರ್ಕಳಕ್ಕೆ ಬಂದು ಇಳಿದಾಗಲೂ ಆ ಬೆಟ್ಟದ ಮಾತು ತೆಗೆಯಲಿಲ್ಲ. ಖಾಲಿ ಕುಂಡಗಳನ್ನು ದಾರ್ಸೈಟಿನಲ್ಲೇ ಬಿಟ್ಟುಬಂದಿದ್ದರು.

ಕಾರ್ಕಳ

ಮರು ವರ್ಷದ ಮಳೆಗಾಲದಲ್ಲಿ ನಾನು ಅಕ್ಕನ ಮನೆಗೆ ಹೋಗಿದ್ದಾಗ ನಾಸರನ ಫೋನ್ ಬಂತು. ಒಂದು ಗಿಡ ಬದುಕಿದೆ ಎಂದ. ತಾಯಿ ಹೇಳಿದರಂತೆ.

ಭಾವ ಫೋನ್ ಇಟ್ಟು ಸೋಫಾದಲ್ಲಿ ಕೂತರು. “ಅವ ಒಳ್ಳೆಯವ. ನನಗೆ ಬೇಜಾರಾಗಬಾರ್ದು ಅಂತ ಹೇಳ್ತಾನೆ. ಅವನಿಗೆ ಎಲ್ಲವೂ ತಮಾಮ್ ಅಲ್ವಾ?”

“ಫೋಟೋ ಕಳಿಸಲಿಕ್ಕೆ ಹೇಳಿ,” ಎಂದೆ. ಫೋಟೋ ಬಂತು. ಕಲ್ಲಿನ ನಡುವೆ ಒಂದು ಪುಟ್ಟ ಜುನಿಪರ್. ನಾನು ಹಿಗ್ಗಿಸಿ ನೋಡಿದೆ. “ಜುನಿಪರ್ ಹೌದು. ಆದರೆ ಆ ಬೆಟ್ಟದ ತುಂಬ ಜುನಿಪರೇ ಇರುವುದು. ಇದು ತಾನಾಗಿ ಹುಟ್ಟಿದ್ದೂ ಆಗಿರಬಹುದು.”

“ನಿನಗೆ ಒಳ್ಳೆ ಸುದ್ದಿ ಬಂದರೆ ಮೈ ತುರಿಸ್ತದಾ?” ಎಂದಳು ಅಕ್ಕ.

ಆದರೆ ಭಾವ ನನ್ನ ಕಡೆಗೇ ನೋಡುತ್ತಿದ್ದರು. ಸಮಾಧಾನದ ಮಾತು ಅವರಿಗೆ ಬೇಕಿರಲಿಲ್ಲ. ಅದು ನಮ್ಮದು ಹೌದೋ ಅಲ್ಲವೋ ಎಂಬುದು ಬೇಕಿತ್ತು. ನಾನು ನಾಸರನಿಗೆ ಫೋನ್ ಮಾಡಿ, ನಾವು ನೆಟ್ಟದ್ದೇ ಎಂದು ನಿಮ್ಮ ತಾಯಿಗೆ ಹೇಗೆ ಗೊತ್ತು ಎಂದು ಕೇಳಿದೆ. ಇದು ಒರಟು ಪ್ರಶ್ನೆ ಎಂದು ಗೊತ್ತಿತ್ತು. ನಾಸರ್ ಬೇಸರಿಸಲಿಲ್ಲ. ತಾಯಿಯನ್ನು ಕೇಳಿ, ಅವರು ಹೇಳಿದ್ದನ್ನು ನಮಗೆ ಹೇಳಿದ.

ನಾವು ಹೋದ ಮರುದಿನ ಆಲಿಕಲ್ಲು ಕರಗಿದ ಮೇಲೆ ಅವರು ಅಲ್ಲಿಗೆ ಹೋಗಿದ್ದರಂತೆ. ಹೊಂಡದೊಳಗೆ ಮುರಿದ ತಲೆಯ ಸಸಿ, ಸಸಿಯ ಪಕ್ಕದಲ್ಲಿ ವಾರೀಜಾಳ ಲೋಟ. ತನ್ನ ಹೆಸರು ಬರೆದ ಲೋಟವನ್ನು ಆಕೆ ಸುಮ್ಮನೆ ಬಿಟ್ಟುಹೋಗುತ್ತಾಳೆಯೇ? ಇದಕ್ಕೆ ನೀರು ಹಾಕಿ ಎಂದು ತನಗೆ ತಿಳಿಸಲೆಂದೇ ಇಟ್ಟು ಹೋಗಿದ್ದಾಳೆ ಎಂದುಕೊಂಡರಂತೆ. ಬಾಯಲ್ಲಿ ಹೇಳಲು ಭಾಷೆ ಇರಲಿಲ್ಲವಲ್ಲ. ಆವತ್ತಿನಿಂದ ಸಂಜೆ ಹೊತ್ತು ಆ ಲೋಟದಲ್ಲೇ ನೀರು ಹಾಕುತ್ತಿದ್ದಾರೆ. ಬೇಸಗೆ ದಾಟಿ ಅದು ಉಳಿಯುವವರೆಗೆ ಮಗನಿಗೂ ಹೇಳಿರಲಿಲ್ಲವಂತೆ. ಉಳಿದ ಸಸಿಗಳ ಹತ್ತಿರ ಲೋಟ ಇರಲಿಲ್ಲ. ಅವುಗಳನ್ನು ಡಾಕ್ಟರ್ ತಮ್ಮ ವಿಧಾನದಲ್ಲಿ ನೆಟ್ಟದ್ದು, ತಾವು ಕೈಹಾಕಬಾರದು ಎಂದು ಬಿಟ್ಟರಂತೆ.

“ಆದರೆ ಲೋಟ ನಾನು ಬ್ಯಾಗಿಗೆ ಹಾಕಿದ್ದೆ,” ಎಂದೆ. “ಹಾಕಿದ್ದು ಸಾಕು, ವೀಡಿಯೊ ಕಳಿಸ್ಲಿಕ್ಕೆ ಹೇಳು,” ಎಂದಳು ಅಕ್ಕ.

ಸ್ವಲ್ಪ ಹೊತ್ತಿಗೆ ವೀಡಿಯೊ ಬಂತು. ಹೊರಗೆ ಕಾರ್ಕಳದ ಮಳೆ ಹಂಚಿನ ಮೇಲೆ ಹೊಡೆಯುತ್ತಿತ್ತು. ಮೂವರೂ ಒಂದೇ ಫೋನಿಗೆ ಮುಖ ಸೇರಿಸಿದೆವು. ಎರಡು ಬಂಡೆಗಳ ನಡುವಿನ ಹೊಂಡ, ಭಾವ ನಿಲ್ಲಿಸಿದ ಚಪ್ಪಟೆ ಕಲ್ಲು. ಸುಕ್ಕುಗಟ್ಟಿದ ಕೈಯೊಂದು ಲೋಟವನ್ನು ಕ್ಯಾಮೆರಾಕ್ಕೆ ತೋರಿಸಿ ತಿರುಗಿಸಿತು. ನಾನು ಅಲ್ಲಿಗೆ ನಿಲ್ಲಿಸಿ ಹಿಗ್ಗಿಸಿದೆ. ಚುಕ್ಕಿ ಚುಕ್ಕಿಯಾಗಿ ಮೂರು ಅಕ್ಷರ: ವಾರಿಜ.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

“ಲೋಟ ಕೊರಿಯರ್ ಮಾಡಬೇಕಾ ಅಂತ ಕೇಳ್ತಿದ್ದಾನೆ,” ಎಂದೆ.

“ಎಂತ ಹುಚ್ಚಾ? ಮತ್ತೆ ಅವರು ಯಾವುದರಲ್ಲಿ ನೀರು ಹಾಕುದು?” ಎಂದು ಅಕ್ಕ ಒಳಗೆ ಹೋದಳು. ಹಿಂದಿರುಗುವಾಗ ನನಗೆ ಚಾ ತಂದಳು, ಸ್ಟೀಲ್ ಲೋಟದಲ್ಲಿ.

ದಿಬ್ಬದ ಮಾತು ಯಾರದೆಂದು ಈಗಲೂ ಇತ್ಯರ್ಥವಾಗಿಲ್ಲ. ಆಲಿಕಲ್ಲಿನ ಗಾತ್ರದ ಬಗ್ಗೆಯೂ ನಾನು ಹಟ ಮಾಡುವುದಿಲ್ಲ. ಟಣ್ ಎಂದ ಸದ್ದು ಎಲ್ಲಿಂದ ಬಂತೋ ಆ ದೇವರಿಗೇ ಗೊತ್ತು. ಆ ವೀಡಿಯೊವನ್ನು ಆಮೇಲೆ ನಾನೊಬ್ಬನೇ ಮತ್ತೆ ಮತ್ತೆ ನೋಡಿ, ಒಂದು ಸಂಗತಿಯನ್ನು ಮಾತ್ರ ಅನುಮಾನಕ್ಕೆಡೆಯಿಲ್ಲದಂತೆ ಖಚಿತಪಡಿಸಿಕೊಂಡೆ. ನೀರು ಹಾಕಿ ಮುಗಿದ ಮೇಲೆ ಆ ಕೈ ಲೋಟವನ್ನು ಗಿಡದ ಪಕ್ಕದಲ್ಲೇ ಇಡುತ್ತದೆ. ಗಿಡ ಈಗ ಲೋಟಕ್ಕಿಂತ ಎತ್ತರವಾಗಿದೆ.